ಹುಣಸೆಮರ ಹೂಂ ಅನ್ನುವ ಮೊದಲೇ

ಭೂಮಿ ಆಗಿನ್ನೂ ಹೊಸದು. ಸಾರಿಸಿದ ನೆಲ ಆರುವ ಮುಂಚೆ ಹೇಗಿರುತ್ತದೋ ಹಾಗಿತ್ತು, ಯಾರು ಕಾಲಿಟ್ಟರೂ ಹೆಜ್ಜೆ ಮೂಡುತ್ತಿತ್ತು. ಬೆಟ್ಟಗಳು ತಮ್ಮ ತಮ್ಮ ಜಾಗ ನೋಡಿಕೊಂಡು ಕೂತು ಹೆಚ್ಚು ಕಾಲ ಆಗಿರಲಿಲ್ಲ. ಆಗ ಮರಕ್ಕೂ ಮಾತು ಬರುತ್ತಿತ್ತು, ಹಳ್ಳಕ್ಕೂ ಬರುತ್ತಿತ್ತು. ಕಲ್ಲು ಕೂಡ ಮಾತಾಡುತ್ತಿತ್ತಂತೆ, ಆದರೆ ಅದು ಒಂದು ಮಾತು ಮುಗಿಸುವ ತನಕ ಕೂತು ಕೇಳುವವರು ಯಾರೂ ಇರಲಿಲ್ಲ.

ದೊಡ್ಡ ದೊಡ್ಡ ಬಂಡೆಗಳ ನಡುವೆ ಒಂದು ಕುರುಚಲು ಕಾಡು. ಜಾಲಿ, ಕಾರೆ, ಬೇಲದ ಗಿಡಗಳು. ಅವುಗಳ ನಡುವೆ ಒಂದೇ ಒಂದು ಹಳೇ ಹುಣಸೆಮರ. ಭೂಮಿಯೇ ಹೊಸದಾಗಿದ್ದಾಗ ಮರ ಹೇಗೆ ಹಳೇದಾಯಿತು ಅಂತ ಕೇಳಬೇಡ. ಕೆಲವರು ಹುಟ್ಟುವಾಗಲೇ ಅಜ್ಜಿಯರಾಗಿ ಹುಟ್ಟುತ್ತಾರೆ. ಎಲ್ಲರೂ ಅದನ್ನು ಹುಣಸಜ್ಜಿ ಅನ್ನುತ್ತಿದ್ದರು.

ಆ ಕಾಡಿನಲ್ಲಿ ಚಂಗವ್ವ ಇದ್ದಳು.

ಕಾಡುಪಾಪ ನೋಡಿದ್ದೀಯಲ್ಲ ಮಗಾ? ಗೇಣುದ್ದದ ಮೈ, ಕಡ್ಡಿ ಕೈಕಾಲು, ಮುಖದ ತುಂಬ ಕಣ್ಣು. ಬಾಲ ಅಂತೂ ಇಲ್ಲವೇ ಇಲ್ಲ. ಒಂದು ಹೆಜ್ಜೆ ಎತ್ತಿ ಇನ್ನೊಂದು ಇಡುವುದರೊಳಗೆ ನಮಗೆ ಆಕಳಿಕೆ ಬಂದುಬಿಡುತ್ತದೆ. ಈ ಕಾಡುಪಾಪಗಳಿಗೆಲ್ಲ ಮೂಲದ ಅವ್ವ ಚಂಗವ್ವ. ಆದರೆ ಅವಳು ಹೀಗಿರಲಿಲ್ಲ. ಅವಳ ಕಣ್ಣು ಹುರುಳಿಕಾಳಿನಷ್ಟು ಚಿಕ್ಕದು. ಬಾಲ ಮಾರುದ್ದ. ಹಗಲು ಬೆಳಕಿನಲ್ಲಿ ಓಡಾಡುವವಳು. ಓಡಾಡುವುದೇನು ಬಂತು, ಹಾರುವವಳು! ಈ ಮರದಿಂದ ಚಂಗನೆ ಆ ಮರಕ್ಕೆ, ಆ ಮರದಿಂದ ಚಂಗನೆ ಬಂಡೆಗೆ. ಅದಕ್ಕೇ ಚಂಗವ್ವ ಅಂತ ಹೆಸರು ಬಂದದ್ದು.

ಕರಿಮುಖದ ಕೋತಿ ಮುಸುವನೂ ಹಾರುತ್ತಿದ್ದ, ಆದರೆ ಅವನಿಗೆ ಆಗ ಗಿಡ್ಡ ಬಾಲ, ಅರ್ಧಕ್ಕೇ ಬೀಳುತ್ತಿದ್ದ. ಚಂಗವ್ವ ಮೇಲಿನ ಕೊಂಬೆಯಲ್ಲಿ ಕೂತು ಬಾಲ ಬೀಸುತ್ತಾ ನಗುತ್ತಿದ್ದಳು. "ಏನ್ ಮುಸುವಣ್ಣ, ನೆಲದ ಮೇಲೆ ಏನಾದ್ರೂ ಬೀಳಿಸಿಕೊಂಡಿದ್ಯಾ, ಪದೇ ಪದೇ ಇಳೀತೀಯ?"

"ನಗು, ನಗು," ಅನ್ನುತ್ತಿದ್ದ ಮುಸುವಣ್ಣ, ಮೊಣಕಾಲು ಉಜ್ಜಿಕೊಳ್ಳುತ್ತಾ.

ಅವಳದು ಕೆಟ್ಟ ಮನಸ್ಸಲ್ಲ, ಆತುರದ ಬುದ್ಧಿ ಅಷ್ಟೆ. ಕೆಟ್ಟ ಮನಸ್ಸಿನವರು ಎಷ್ಟೋ ಸಲ ತಪ್ಪಿಸಿಕೊಂಡುಬಿಡುತ್ತಾರೆ, ಆತುರದವರು ಸಿಕ್ಕಿಬೀಳುತ್ತಾರೆ.

ಆ ಕಾಲಕ್ಕೆ ಮರದ ಮೇಲಿನ ತಾಯಂದಿರಿಗೆಲ್ಲ ಒಂದು ಪದ್ಧತಿ ಇತ್ತು. ಮೇವಿಗೆ ಹೋಗುವಾಗ ಮಗುವನ್ನು ಹುಣಸಜ್ಜಿಗೆ ಒಪ್ಪಿಸಿ ಹೋಗಬೇಕು. ಮಗುವಿನ ಕೈಗಳನ್ನು ರೆಂಬೆಯ ಮೇಲೆ ಇಡಬೇಕು. "ಅಜ್ಜೀ, ನನ್ನ ಕೂಸು ನಿನ್ನ ಮಡಿಲಿಗೆ," ಅನ್ನಬೇಕು. ಆಮೇಲೆ ಕಾಯಬೇಕು.

ಯಾಕೆ ಕಾಯಬೇಕು ಅಂದರೆ, ಮರಕ್ಕೆ ಕಣ್ಣಿಲ್ಲ. ಅದರ ಕಿವಿ ಇರುವುದು ಬೇರಿನಲ್ಲಿ. ಬೇರಿಗೆ ಕೇಳಬೇಕು. ಬೇರು ಬೊಡ್ಡೆಗೆ ಹೇಳಬೇಕು. ಬೊಡ್ಡೆ ಕೊಂಬೆಗೆ ಹೇಳಬೇಕು. ಕೊಂಬೆ ರೆಂಬೆಗೆ ಹೇಳಬೇಕು. ರೆಂಬೆ ಎಲೆಗೆ ಹೇಳಬೇಕು. ಆಗ ಎಲೆ ಮೆಲ್ಲಗೆ ಮಡಚಿಕೊಂಡು "ಹೂಂ" ಅನ್ನುತ್ತಿತ್ತು. ಆ "ಹೂಂ" ಬಂದಿತೋ, ಮರ ಮಗುವನ್ನು ಹಿಡಿದುಕೊಂಡಿತು ಅಂತ ಅರ್ಥ. ಬಿರುಗಾಳಿ ಬೀಸಲಿ, ಆಲಿಕಲ್ಲು ಬೀಳಲಿ, ತಾಯಿ ಬಂದು ಕೇಳುವ ತನಕ ಬಿಡುತ್ತಿರಲಿಲ್ಲ. ಹೂಂ ಅನ್ನುವ ತನಕ ಮಾತ್ರ ಅದು ಬರೀ ರೆಂಬೆ.

ಅಳಿಲಮ್ಮ ಕಾಯಿ ಕಡಿಯುತ್ತಾ ಕಾಯುತ್ತಿದ್ದಳು. ಮುಸುವನ ಹೆಂಡತಿ ಹೇನು ನೋಡುತ್ತಾ ಕಾಯುತ್ತಿದ್ದಳು. ಚಂಗವ್ವನೂ ಕಾಯುತ್ತಿದ್ದಳು, ಆದರೆ ಕೆಂಡದ ಮೇಲೆ ನಿಂತವಳ ಹಾಗೆ. "ಅಜ್ಜೀ, ನೀನು ಹೂಂ ಅನ್ನೋ ಹೊತ್ತಿಗೆ ನನ್ನ ಮಗಳಿಗೆ ಮದುವೆ ವಯಸ್ಸಾಗುತ್ತೆ!"

"ನಿಧಾನ ತಾಯಿ, ನಿಧಾನ," ಅನ್ನುತ್ತಿತ್ತು ಮರ. ಆ ಮಾತು ಮೇಲೆ ಬರುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಚಂಗವ್ವನ ಮಗಳ ಹೆಸರು ಮೊಗ್ಗಿ. ಹೆಬ್ಬೆರಳಷ್ಟು ಕೂಸು. ಅವ್ವನ ಎದೆಗೂದಲು ಹಿಡಿದುಕೊಂಡರೆ ಬಿಡಿಸುವುದೇ ಕಷ್ಟ. ಆ ವರ್ಷ ಬೇಸಿಗೆ ಉದ್ದವಾಯಿತು. ಹುಳಹುಪ್ಪಟೆ ಎಲ್ಲ ಸಂದಿ ಸೇರಿಕೊಂಡವು. ಚಂಗವ್ವನ ಹೊಟ್ಟೆಗೆ ಇಲ್ಲ, ಹೊಟ್ಟೆಗಿಲ್ಲದೆ ಎದೆಯಲ್ಲಿ ಹಾಲೆಲ್ಲಿಂದ ಬರಬೇಕು? ಮೊಗ್ಗಿ ಚೀಪಿ ಚೀಪಿ ಸುಸ್ತಾಗಿ, ಅಳುವುದನ್ನೂ ಬಿಟ್ಟಿದ್ದಳು. ಮಗು ಅತ್ತರೆ ತಾಯಿಗೆ ಸಂಕಟ. ಅಳದೇ ಹೋದರೆ ಅದಕ್ಕಿಂತ ದೊಡ್ಡ ಸಂಕಟ.

ಹಾಗಿರುವಾಗ ಒಂದು ಸಂಜೆ ಮೊದಲ ಮಳೆ ಬಿತ್ತು. ದಬದಬ ಸುರಿದು, ಹಳ್ಳಕ್ಕೆ ಕೆಂಪು ನೀರು ಇಳಿಸಿ, ನಿಂತೂ ಬಿಟ್ಟಿತು. ಮಳೆ ನಿಂತದ್ದೇ ತಡ, ಆಚೆ ಬಂಡೆಯ ಪಕ್ಕದ ಹುತ್ತದಿಂದ ರೆಕ್ಕೆಹುಳುಗಳು ಏಳತೊಡಗಿದವು. ಮೊದಲ ಮಳೆಗೆ ಹುತ್ತದಿಂದ ಗುಂಪುಗುಂಪಾಗಿ ಹಾರಿ ದೀಪಕ್ಕೆ ಮುತ್ತುತ್ತವಲ್ಲ, ಅವೇ. ಅವು ಏಳುವುದು ಸ್ವಲ್ಪ ಹೊತ್ತು. ರೆಕ್ಕೆ ಉದುರಿಸಿ ಮಣ್ಣು ಸೇರಿದವೆಂದರೆ ಮುಗಿಯಿತು. ಹೊಟ್ಟೆ ತುಂಬ ತಿಂದರೆ ಬೆಳಗಾಗುವುದರೊಳಗೆ ಹಾಲು ಇಳಿಯುತ್ತದೆ. ಚಂಗವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವಳು ಓಡಿಬಂದು ಹುಣಸಜ್ಜಿಯ ರೆಂಬೆಯ ಮೇಲೆ ಮೊಗ್ಗಿಯನ್ನು ಇಟ್ಟಳು. "ಅಜ್ಜೀ, ನನ್ನ ಕೂಸು ನಿನ್ನ ಮಡಿಲಿಗೆ!"

ಮೊಗ್ಗಿಯ ಒಂದು ಕೈ ರೆಂಬೆಯ ಮೇಲಿತ್ತು. ಇನ್ನೊಂದು ಕೈ ಅವ್ವನ ಎದೆಗೂದಲಲ್ಲೇ ಇತ್ತು.

"ಬಿಡು ಕಂದಾ, ಬಿಡು. ನಿನಗೋಸ್ಕರವೇ ಹೋಗ್ತಿರೋದು. ಈಗ ಹೋಗಿ ಈಗ ಬಂದೆ," ಅಂದಳು ಚಂಗವ್ವ. ಅಂದು ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಬೇರಿಗೆ ಕೇಳಿತು. ಬೇರು ಬೊಡ್ಡೆಗೆ ಹೇಳಿತು.

ಆಚೆ ಹುತ್ತದ ಮೇಲೆ ರೆಕ್ಕೆಹುಳುಗಳು ಹೊಗೆ ಎದ್ದ ಹಾಗೆ ಏಳುತ್ತಿದ್ದವು. ಬೊಡ್ಡೆ ಕೊಂಬೆಗೆ ಹೇಳಿತು. ಹುಳುಗಳು ಆಗಲೇ ಕಡಿಮೆಯಾಗತೊಡಗಿದವು. ಕೊಂಬೆ ರೆಂಬೆಗೆ ಹೇಳುತ್ತಿತ್ತು. ಇನ್ನು ಎಲೆಯೊಂದೇ ಬಾಕಿ.

ಚಂಗವ್ವ ಚಂಗನೆ ಹಾರಿದಳು.

ಗಾಳಿಯಲ್ಲಿರುವಾಗಲೇ ಹಿಂದಿನಿಂದ "ಹೂಂ" ಅಂತ ಕೇಳಿಸಿತು. 'ಸದ್ಯ, ಅಂದಳಲ್ಲ ಮುದುಕಿ,' ಅಂದುಕೊಂಡಳು. ಮನಸ್ಸು ಹಗುರವಾಯಿತು. ಹುತ್ತದ ಹತ್ತಿರ ಕೂತು ಎರಡೂ ಕೈಯಲ್ಲಿ ಬಾಚಿ ಬಾಚಿ ತಿಂದಳು. ಎಷ್ಟು ದಿನದ ಮೇಲೆ ಹೊಟ್ಟೆ ತುಂಬಿತ್ತು! ಹಿಂತಿರುಗಿ ಬರುವಾಗ ಎದೆ ಬಿಗಿಯುತ್ತಿತ್ತು, ಹಾಲು ಇಳಿಯುವ ಸೂಚನೆ. ದಾರಿಯುದ್ದಕ್ಕೂ ಅವಳಿಗೆ ಖುಷಿಯೋ ಖುಷಿ.

"ಅಜ್ಜೀ, ಬಂದೆ. ಕೊಡು ನನ್ನ ಮಗೂನ."

"ತಗೋ ತಾಯಿ," ಅಂದಿತು ಮರ. "ಗಾಳಿ ಬಂತು, ಬಿಡಲಿಲ್ಲ. ಮತ್ತೆ ನಾಲ್ಕು ಹನಿ ಮಳೆ ಬಂತು, ಬಿಡಲಿಲ್ಲ. ಗಟ್ಟಿಯಾಗಿ ಹಿಡಕೊಂಡಿದ್ದೀನಿ."

ಎಲೆಗಳು ಬಿಚ್ಚಿಕೊಂಡವು. ಅಲ್ಲಿ ಏನೂ ಇರಲಿಲ್ಲ.

"ಎಲ್ಲಿ ಅಜ್ಜಿ?"

"ಅಲ್ಲೇ ಇದೆಯಲ್ಲ ತಾಯಿ. ಕೈಗೆ ಸಿಗಲಿಲ್ವಾ? ಸರಿಯಾಗಿ ನೋಡು."

ಚಂಗವ್ವ ಎಲೆ ಎಲೆ ಬಿಡಿಸಿ ನೋಡಿದಳು. ಪಕ್ಕದ ರೆಂಬೆ ನೋಡಿದಳು. ಬುಡಕ್ಕೆ ಇಳಿದು ನೋಡಿದಳು. ಬುಡದಲ್ಲಿ ಮೊದಲ ಮಳೆಯ ನೀರು ಹಳ್ಳದ ಕಡೆಗೆ ಹರಿಯುತ್ತಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. "ಮುದುಕೀ! ನಂಬಿ ಕೊಟ್ಟರೆ ನನ್ನ ಮಗೂನ ಬೀಳಿಸಿಬಿಟ್ಯಲ್ಲೇ! ನಿನ್ನ ಬೇರು ಒಣಗಿಹೋಗ!"

ಆ ಬೈಗುಳ ಬೇರಿನಿಂದ ಎಲೆಯ ತನಕ ಏರಿತು. ಆಮೇಲೆ ಮರ ಕೇಳಿತು, "ನಾನು ಹೂಂ ಅಂದಾಗ ನೀನು ಇಲ್ಲಿದ್ಯಾ ತಾಯಿ?"

ಆ ಮಾತಿಗೆ ಚಂಗವ್ವನಿಗೆ ಎಲ್ಲ ಹೊಳೆಯಿತು. ಅವಳು ಹಾರಿದಾಗ ರೆಂಬೆ ಬಾಗಿ ಮೇಲಕ್ಕೆ ಚಿಮ್ಮಿತ್ತು. ಒಂದೇ ಕೈಯಲ್ಲಿ ಆತುಕೊಂಡಿದ್ದ ಮೊಗ್ಗಿ ಆ ರಭಸಕ್ಕೆ ಜಾರಿ ಬಿದ್ದುಹೋಗಿದ್ದಳು. ಹೂಂ ಅಂದ ಎಲೆ ಬರಿದನ್ನೇ ಹಿಡಿದುಕೊಂಡು, ಮಗುವನ್ನು ಹಿಡಿದೆ ಅಂದುಕೊಂಡು ಕಾದಿತ್ತು. ಅಯ್ಯೋ, ಆ ಜಿಗಿತ ಅವಳದೇ, ಆ ರೆಂಬೆ ಅಲ್ಲಾಡಿಸಿದ್ದೂ ಅವಳೇ.

ಅವಳು ಹಳ್ಳದ ದಡಕ್ಕೆ ಓಡಿದಳು. "ಹಳ್ಳಪ್ಪಾ, ನನ್ನ ಮಗಳನ್ನ ಕಂಡ್ಯಾ?"

"ನಂದು ಮೊದಲ ನೀರಮ್ಮ, ಮೈಯೆಲ್ಲ ಕೆಸರು," ಅಂದಿತು ಹಳ್ಳ. "ಸೊಪ್ಪು ಬಂತು, ಕಡ್ಡಿ ಬಂತು. ಮೆತ್ತಗಿರೋದು ಒಂದು ಬಂತು. ಹೂವು ಅಂದುಕೊಂಡು ಕರಕೊಂಡು ಹೋದೆ."

"ಎಲ್ಲಿಗೆ?"

"ಕೆರೆಗೆ. ಕೆರೆ ಆಚೆ ಇನ್ನೊಂದು ಹಳ್ಳ. ಅದರಾಚೆ ನನಗೂ ಗೊತ್ತಿಲ್ಲ ತಾಯಿ. ತಪ್ಪಾಯ್ತು."

"ಹೂವೇ ಇರಬೇಕು," ಅಂದಳು ಚಂಗವ್ವ. "ಹೂವೇ ಇರಬೇಕು ಬಿಡು. ನನ್ನ ಮೊಗ್ಗಿ ಯಾವುದೋ ಕೊಂಬೆ ಹಿಡಕೊಂಡು ಕೂತಿರ್ತಾಳೆ." ಹಳ್ಳ ಸದ್ದು ತಗ್ಗಿಸಿ ಹರಿಯಿತು. ತಾಯಿಗೆ ಬುದ್ಧಿ ಹೇಳುವುದಕ್ಕೆ ಅದಕ್ಕೆ ಬಾಯಿ ಬರಲಿಲ್ಲ.

ಅಂದಿನಿಂದ ಚಂಗವ್ವ ಹುಡುಕತೊಡಗಿದಳು. ಹಗಲು ಹುಡುಕೋಣವೆಂದರೆ ಕಂಡ ಕಂಡವರು ಪಿಸುಗುಟ್ಟುತ್ತಿದ್ದರು, "ಇವಳೇ ಕಣೇ, ಹೂಂ ಅನ್ನೋ ಮುಂಚೆ ಹಾರಿದವಳು." ಅದನ್ನು ಕೇಳಲಾರದೆ ಅವಳು ಎಲ್ಲರೂ ಮಲಗಿದ ಮೇಲೆ ಹೊರಡುವುದನ್ನು ಅಭ್ಯಾಸ ಮಾಡಿಕೊಂಡಳು. ಕತ್ತಲಲ್ಲಿ ನೋಡಿ ನೋಡಿ ಹುರುಳಿಕಾಳಿನಷ್ಟಿದ್ದ ಕಣ್ಣು ಹಿಗ್ಗಿತು, ಇನ್ನೂ ಹಿಗ್ಗಿತು, ಮುಖದಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲದಷ್ಟು ಹಿಗ್ಗಿತು. ಸುತ್ತ ಕಪ್ಪು ಬಳೆಯೂ ಕಟ್ಟಿತು. ಅತ್ತವರ ಕಣ್ಣಿಗೆ ಕಟ್ಟುವುದಿಲ್ಲವೇ, ಹಾಗೆ.

ಹಾರುವುದನ್ನಂತೂ ಬಿಟ್ಟೇಬಿಟ್ಟಳು. ಯಾವ ರೆಂಬೆಯಲ್ಲಿ ಮೊಗ್ಗಿ ಇದ್ದಾಳೋ, ಅಲ್ಲಾಡಿದರೆ ಮತ್ತೆ ಬಿದ್ದರೆ? ಹೊಸ ಕೊಂಬೆಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದ ಮೇಲೆಯೇ ಹಳೆಯದನ್ನು ಬಿಡುತ್ತಿದ್ದಳು. ಒಂದು ಎಲೆಯೂ ಅಲುಗದ ಹಾಗೆ ಹೋಗುತ್ತಿದ್ದಳು.

ಒಂದು ದಿನ ಮುಸುವಣ್ಣನ ಹತ್ತಿರ ಹೋದಳು. "ಅಣ್ಣಾ, ಈ ಬಾಲ ನೀನೇ ತಗೋ."

ಮುಸುವಣ್ಣನಿಗೆ ಆಶ್ಚರ್ಯ. "ಏನ್ ಚಂಗಿ, ತಮಾಷೆ ಮಾಡ್ತೀಯ?"

"ತಮಾಷೆ ಮಾಡೋ ಕಾಲ ಹೋಯ್ತು ಅಣ್ಣಾ. ಇದು ಹಾರೋರ ಬಾಲ. ಬೆನ್ನ ಹಿಂದೆ ಇದ್ದಷ್ಟು ದಿನ ನನಗೆ ಆ ಸಂಜೆಯನ್ನೇ ನೆನಪು ಮಾಡುತ್ತೆ."

ಮುಸುವಣ್ಣ ಬೇಡ ಅಂದ. ಅವಳು ಬಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ ತೆಗೆದುಕೊಂಡು ತನ್ನ ಗಿಡ್ಡ ಬಾಲದ ತುದಿಗೆ ಸೇರಿಸಿಕೊಂಡ. ಮುಸುವನ ಬಾಲ ಅವನ ಮೈಗಿಂತ ಉದ್ದ ಇರುವುದು ಅದಕ್ಕೇ. ಆ ಬಾಲದಿಂದ ಅವನು ಎಷ್ಟು ದೂರ ಹಾರಿದರೂ ಚಂಗವ್ವನ ಮುಂದೆ ಮಾತ್ರ ಯಾವತ್ತೂ ಹಾರಿ ತೋರಿಸಲಿಲ್ಲ.

ಇತ್ತ ಹುಣಸಜ್ಜಿಯೂ ಮಾತು ಬಿಟ್ಟಿತ್ತು. ಯಾರು ಬಂದು ಕೂಸು ಒಪ್ಪಿಸಿದರೂ ಹೂಂ ಅನ್ನಲಿಲ್ಲ. ಕಾದು ಕಾದು ಅಳಿಲಮ್ಮ ಗೂಡು ಕಟ್ಟಿಕೊಂಡಳು. ಮುಸುವನ ಹೆಂಡತಿ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡೇ ಓಡಾಡಲು ಕಲಿತಳು. ಒಪ್ಪಿಸುವ ಪದ್ಧತಿಯೇ ನಿಂತುಹೋಯಿತು.

ಮತ್ತೆ ಮಳೆಗಾಲ ಬಂದಾಗ ಚಂಗವ್ವನಿಗೆ ಇನ್ನೊಂದು ಕೂಸು ಹುಟ್ಟಿತು. ಈ ಸಲ ಗಂಡು. ಅದಕ್ಕೆ ಹೆಸರಿಡಲೂ ಅವಳಿಗೆ ಭಯ. ಎದೆಯಿಂದ ಕೆಳಗಿಳಿಸಲೂ ಭಯ. ಅದನ್ನು ಹೊತ್ತುಕೊಂಡು, ಅಷ್ಟು ನಿಧಾನ ನಡೆಯುವವಳಿಗೆ ಒಂದು ಹುಳವೂ ಸಿಗಲಿಲ್ಲ. ಹಾಲು ಮತ್ತೆ ಬತ್ತತೊಡಗಿತು. ಈ ಮಗುವೂ ಅಳುವುದನ್ನು ನಿಲ್ಲಿಸುವ ದಿನ ಬಂತು.

ಹುತ್ತದ ನಾಗಪ್ಪ ಇದನ್ನೆಲ್ಲ ನೋಡುತ್ತಿದ್ದ. ಆ ಸಂಜೆ ಅವಳು ತನ್ನ ಮನೆಬಾಗಿಲಲ್ಲೇ ಕೂತು ಖುಷಿಯಿಂದ ತಿಂದಿದ್ದಳಲ್ಲ, ಅದು ಅವನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. "ಇಲ್ಲಿ ಬಾ ತಂಗಿ," ಅಂದ. "ಕೂಸು ಬಿಟ್ಟು ಹೋಗದೆ ನಿನಗೆ ವಿಧಿಯಿಲ್ಲ. ನೀನಿಲ್ಲದಾಗ ಯಾರಾದರೂ ಬಂದರೆ ಅಂತ ತಾನೇ ಭಯ? ನನ್ನ ವಿಷ ಕೊಡೋಕೆ ಬರಲ್ಲ. ಬೇಕಾದರೆ ನಿನಗೂ ಕೂಸಿಗೂ ನನ್ನ ವೇಷ ಕಲಿಸ್ತೀನಿ. ಎರಡೂ ಕೈ ತಲೆ ಮೇಲೆ ಎತ್ತು. ಹಾಂ, ಹೆಡೆ ಹಾಗೆ. ಈಗ ಆ ಕಡೆ ತೂಗು, ಈ ಕಡೆ ತೂಗು. ಬುಸ್ಸ್ ಅನ್ನು."

ಚಂಗವ್ವ ಬುಸ್ಸ್ ಅಂದಳು. ಕೂಸೂ ಕೈಯೆತ್ತಿ "ಬುಶ್" ಅಂದಿತು. ಆ ವರ್ಷದಲ್ಲಿ ಚಂಗವ್ವ ನಕ್ಕದ್ದು ಅದೊಂದೇ ಸಲ.

"ಇರುವೆಗಳು ಕಚ್ಚಿದರೆ?" ಅಂದಳು.

"ಅದಕ್ಕೆ ನನ್ನ ಹತ್ತಿರ ಬರಬೇಡ. ನಿನ್ನ ಹತ್ತಿರಾನೇ ಮದ್ದಿದೆ," ಅಂದ ನಾಗಪ್ಪ, ಸ್ವಲ್ಪ ಮುಖ ಆಚೆ ತಿರುಗಿಸಿ. ಈಗ ನಗಬೇಡ ಮಗಾ. ಕಾಡುಪಾಪ ಇವತ್ತಿಗೂ ತನ್ನ ಉಚ್ಚೆಯಲ್ಲೇ ಕೈಕಾಲು ತೊಳೆದುಕೊಳ್ಳುತ್ತದೆ. ಆ ವಾಸನೆಗೆ ಇರುವೆ ಹತ್ತಿರ ಬರುವುದಿಲ್ಲ. ಚಂಗವ್ವನಿಗೆ ಇನ್ನೊಂದು ಉಪಯೋಗವೂ ಆಯಿತು, ಕೈಯಿಟ್ಟ ಕೊಂಬೆಯಲ್ಲೆಲ್ಲ ವಾಸನೆ ಉಳಿದು ಕೂಸಿನ ಹತ್ತಿರಕ್ಕೆ ವಾಪಸು ಬರುವ ದಾರಿ ತಪ್ಪುತ್ತಿರಲಿಲ್ಲ. ನಕ್ಕೆಯಲ್ಲ? ಗೊತ್ತಿತ್ತು ನನಗೆ.

ಎಲ್ಲ ಕಲಿತಾಯಿತು. ಇನ್ನು ಉಳಿದದ್ದು ಒಂದೇ. ಅವಳು ಹುಣಸಜ್ಜಿಯ ಮುಂದೆ ಹೋಗಿ ನಿಂತಳು. ಬೈದು ಹೋದವಳು ಅವತ್ತಿನಿಂದ ಆ ಕಡೆ ತಲೆ ಹಾಕಿರಲಿಲ್ಲ.

"ಅಜ್ಜೀ, ನಾನು ಚಂಗವ್ವ. ಅವತ್ತು ನಿನ್ನನ್ನ ಬೈದೆ. ತಪ್ಪು ನಂದು, ಬೈಗುಳ ನಿನಗೆ ಕೊಟ್ಟೆ."

ಬೇರಿಗೆ ಕೇಳಿತು. ಮರ ಬಹಳ ಹೊತ್ತಿನ ಮೇಲೆ ಮಾತಾಡಿತು. "ನಂದೂ ಇದೆ ತಾಯಿ. ಬರೀ ಗಾಳೀನ ಹಿಡಕೊಂಡು, ಮಗು ಹಿಡಿದಿದ್ದೀನಿ ಅಂತ ಹೆಮ್ಮೆಪಟ್ಟೆನಲ್ಲ. ಸ್ವಲ್ಪ ಬೇಗ ಹೂಂ ಅಂದಿದ್ದರೆ ಆಗ್ತಿತ್ತು. ರಾತ್ರಿಯೆಲ್ಲ ಅದೇ ಯೋಚನೆ."

"ಇನ್ನೊಂದು ಕೂಸಿದೆ ಅಜ್ಜಿ."



ಚಂಗವ್ವ ಕೂಸಿನ ಕೈಗಳನ್ನು ರೆಂಬೆಯ ಮೇಲೆ ಇಟ್ಟಳು. ಒಂದು ಕೈ ಅವಳ ಎದೆಗೂದಲಲ್ಲೇ ಇತ್ತು. ಅವಳು ಅದನ್ನು ಬಿಡಿಸಲಿಲ್ಲ. ಅದು ತಾನಾಗಿ ಬಿಡುವ ತನಕ ಕೂತಳು. ಸುಮಾರು ಹೊತ್ತಾದ ಮೇಲೆ ಕೂಸು ತಾನಾಗಿಯೇ ಬಿಟ್ಟು ಆ ಕೈಯಲ್ಲೂ ರೆಂಬೆ ಹಿಡಿಯಿತು.

"ಅಜ್ಜೀ," ಅಂದಳು, "ನನ್ನ ಕೂಸು ನಿನ್ನ ಮಡಿಲಿಗೆ."

ಬೇರಿಗೆ ಕೇಳಿತು. ಬೇರು ಬೊಡ್ಡೆಗೆ ಹೇಳಿತು. ಹೊತ್ತು ಬಂಡೆಗಳ ಹಿಂದಕ್ಕೆ ಇಳಿಯಿತು. ಬೊಡ್ಡೆ ಕೊಂಬೆಗೆ ಹೇಳಿತು. ಚಂಗವ್ವ ಅಲುಗಲಿಲ್ಲ. ಕೊಂಬೆ ರೆಂಬೆಗೆ ಹೇಳಿತು. ಅವಳು ಉಸಿರನ್ನೂ ಮೆಲ್ಲಗೆ ಬಿಟ್ಟಳು. ರೆಂಬೆ ಎಲೆಗೆ ಹೇಳಿತು.

"ಹೂಂ," ಅಂದಿತು ಎಲೆ, ಮಡಚಿಕೊಂಡಿತು.

ಆಗಲೂ ಅವಳು ಹೊರಡಲಿಲ್ಲ. ಇನ್ನೊಮ್ಮೆ ಮುಟ್ಟಿ ನೋಡಿದಳು. ಕೂಸು ಇತ್ತು. ಆಮೇಲೆ ಒಂದು ಕೈ ಎತ್ತಿದಳು, ಮುಂದೆ ಇಟ್ಟಳು. ಒಂದು ಕಾಲು ಎತ್ತಿದಳು, ಮುಂದೆ ಇಟ್ಟಳು. ಅವಳು ಹೋದದ್ದು ಆ ರೆಂಬೆಗೇ ಗೊತ್ತಾಗಲಿಲ್ಲ.

ಬೆಳಗಿನ ಜಾವ ಹೊಟ್ಟೆ ತುಂಬಿಸಿಕೊಂಡು ಬಂದಾಗ ಕೂಸು ಅಲ್ಲೇ ಇತ್ತು. ಹಾಲು ಕುಡಿಯಿತು. ಅತ್ತಿತು ಕೂಡ, ಜೋರಾಗಿ. ಚಂಗವ್ವ ಮಗುವನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು. ಇವನು ಸಿಕ್ಕಿದ ಅಂತಲೋ, ಇಷ್ಟೇ ಹೊತ್ತು ಅವತ್ತು ಕಾದಿದ್ದರೆ ಅಂತಲೋ, ಅವಳಿಗೇ ತಿಳಿಯಲಿಲ್ಲ.

ಕಾಡುಪಾಪ ಇವತ್ತಿಗೂ ಮರಿಯನ್ನು ರೆಂಬೆಗೆ ಒಪ್ಪಿಸಿ, ಎಲೆ ಅಲುಗದ ಹಾಗೆ ಕತ್ತಲಲ್ಲಿ ಹೊರಡುತ್ತದೆ. ಬೆಳಕು ಕಂಡರೆ ನಿಂತಲ್ಲೇ ನಿಲ್ಲುತ್ತದೆ. ಹೆದರಿದರೆ ಕೈಯೆತ್ತಿ ಹಾವಿನ ಹಾಗೆ ತೂಗಿ ಬುಸುಗುಟ್ಟುತ್ತದೆ. ಮುಸ್ಸಂಜೆಯಲ್ಲಿ ಕಾಡಿನ ಕಡೆಯಿಂದ ಸಣ್ಣಗೆ ಒಂದು ಸಿಳ್ಳೆ ಬರುತ್ತದಲ್ಲ, ಅದು ಚಂಗವ್ವ ಮೊಗ್ಗಿಯನ್ನು ಕರೆದ ದನಿ. ಮಕ್ಕಳು ಮರಿಮಕ್ಕಳು ಅದನ್ನು ಕಲಿತುಬಿಟ್ಟಿವೆ. ಯಾರನ್ನು ಕರೆಯುತ್ತಿದ್ದೇವೆ ಅಂತ ಅವಕ್ಕೆ ಈಗ ಗೊತ್ತಿಲ್ಲ, ಆದರೂ ಕರೆಯುತ್ತವೆ.

ಇನ್ನು ಹುಣಸಜ್ಜಿ. ಅವತ್ತಿನಿಂದ ಅದು ಯಾರಾದರೂ ಕೇಳುವ ತನಕ ಕಾಯುವುದನ್ನೇ ಬಿಟ್ಟಿತು. ತಡವಾದರೆ ಅನ್ನುವ ಭಯ. ಹೊತ್ತು ಇಳಿಯುತ್ತಿದ್ದ ಹಾಗೆ ತಾನೇ ಹೂಂ ಅಂದುಬಿಡುತ್ತದೆ. ಮರಕ್ಕೆ ಕಣ್ಣಿಲ್ಲವಲ್ಲ ಮಗಾ, ಯಾವ ರೆಂಬೆಯಲ್ಲಿ ಕೂಸಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಅದಕ್ಕೇ ಇವತ್ತು ಸಂಜೆ ಹಿತ್ತಲಿಗೆ ಹೋಗಿ ನೋಡು, ಹುಣಸೆಮರ ಒಂದು ರೆಂಬೆಯನ್ನೂ ಬಿಡದೆ ತನ್ನ ಎಲೆಗಳನ್ನೆಲ್ಲ ಮಡಚಿ ಹಿಡಿದುಕೊಂಡಿರುತ್ತದೆ, ಅಲ್ಲಿ ಯಾರೂ ಇಲ್ಲದಿದ್ದರೂ.